ಐದನೇ ಆವರ್ತದ ತಪ್ಪು

ಬೂದು ಸೂಟು, ಸೈನ್ಯದವರು ಕೊಟ್ಟು ಕಳಿಸಿದ್ದಿರಬೇಕು, ಭುಜದಲ್ಲಿ ಸಡಿಲ, ಡ್ರಮ್ಮಿನ ಪಕ್ಕದ ಬಾಗಿಲಿಗೆ ಒರಗಿ ನಿಂತಿದ್ದಾನೆ ಥರ್ಮನ್, ಅತ್ತ ನೋಡಬಾರದು, ಹಾಳೆ ನೋಡು ವರ್ಲೀನ್ — ಹಾಳೆಯ ಮೇಲೂ ಅವನೇ, ನಮ್ಮ ಬ್ಯಾಂಡಿನಲ್ಲಿ ಸ್ವರದ ಹಾಳೆಗೆ ಬರೆಯುವುದು ವಾದ್ಯದ ಹೆಸರನ್ನಲ್ಲ, ನುಡಿಸುವವರ ಹೆಸರನ್ನು, ಮೂರು ವರ್ಷದಿಂದ ಥರ್ಮನ್ ಎಂದು ಬರೆದದ್ದನ್ನೇ ಸ್ಯಾಕ್ಸೊಫೋನಿನಲ್ಲಿ ಊದುತ್ತಿದ್ದೇನೆ, ಅವನು ಯುದ್ಧಕ್ಕೆ ಹೋದ, ನಾನು ಅವನ ಕುರ್ಚಿಗೆ ಬಂದೆ, ಈಗ ಯುದ್ಧ ಮುಗಿದಿದೆ, ಕುರ್ಚಿ ಇರುವುದು ಒಂದೇ. ಬ್ಯಾಂಡಿನ ಯಜಮಾನ ಟೀಗ್ ಬೆಳಿಗ್ಗೆ ಟೈ ಬಿಗಿಯುತ್ತಾ, ನನ್ನ ಮುಖ ನೋಡದೆ, ಮೊದಲರ್ಧ ನೀನು ನುಡಿಸಮ್ಮ, ಆಮೇಲೆ ಅವನು, ಬಸ್ಸು ಹತ್ತೋವಾಗ ಕುರ್ಚಿ ಯಾರದು ಅಂತ ಹೇಳ್ತೀನಿ, ಅಂದರು. ಬಸ್ಸು ಮುಂದಿನ ಊರು ಒಮಾಹಾಕ್ಕೆ, ಇಲ್ಲವಾದರೆ ನನಗೆ ನಮ್ಮೂರು ತಾಲ್ಸಾ, ಅತ್ತಿಗೆಯ ಲಾಂಡ್ರಿ, ಒದ್ದೆ ಹಾಸಿಗೆಬಟ್ಟೆಗಳ ಆವಿ — ಉಸಿರು ತಗೋ, ಈಗ ಸ್ಯಾಕ್ಸೊಫೋನಿನ ನಾಲ್ವರೂ ಒಟ್ಟಿಗೆ, ಹಾಂ — ಹಿಂದಿನ ಸಾಲಿನಿಂದ ಟ್ರಾಂಬೋನಿನ ಕ್ಲೋವಿಸ್ ಪಿಸುಗುಡುತ್ತಾನೆ, ಏನ್ ತಂಗಿ, ಪಾದ್ರಿ ಮುಂದೆ ಪಾಪ ಒಪ್ಕೊಳ್ಳೋಕೆ ನಿಂತೋರ ಥರ ಬೆವರ್ತಿದ್ದೀಯ, ನಿನ್ನ ಕೊಳವೆ ನೀನು ನೋಡ್ಕೋ ಅಣ್ಣ, ಹೋಗು, ಅಂದುಕೊಳ್ಳುತ್ತೇನೆ ಊದುತ್ತಲೇ.

ಥರ್ಮನ್ ಕೆಟ್ಟವನೇನಲ್ಲ, ಅದೇ ಕಷ್ಟ, ಮಧ್ಯಾಹ್ನ ಹುರಿದ ಮೀನಿನ ತಟ್ಟೆಯನ್ನು ನನ್ನ ಕಡೆಗೇ ಸರಿಸಿ, ನಿನ್ನೆ ಅಭ್ಯಾಸದಲ್ಲಿ ಕೇಳ್ದೆ ಕಣಮ್ಮ, ನನ್ನ ರೆಕಾರ್ಡ್ ಪೂರ್ತಿ ಹಂಗಂಗೇ ಕಲ್ತಿದ್ದೀಯ, ಐದನೇ ಆವರ್ತದ ಕೀರಲು ಸ್ವರಾನೂ ಬಿಟ್ಟಿಲ್ಲ, ಅದು ನನ್ನ ಬೆರಳು ಜಾರಿದ್ದು, ಆವತ್ತು ಹಲ್ಲುನೋವು, ಅದನ್ನೂ ಕಲ್ತ್‌ಬಿಟ್ಯಾ — ನಕ್ಕ, ನಾನೂ ನಕ್ಕೆ, ತಟ್ಟೆಯನ್ನು ಅವನ ಕಡೆಗೇ ತಳ್ಳಿದೆ. ತಾಲ್ಸಾದ ಮನೆಯಲ್ಲಿ ಗ್ರಾಮಫೋನಿನ ಸೂಜಿ ಸವೆಯುವ ತನಕ ಆ ಒಂದು ಸ್ವರ, ಅಮ್ಮ ಅಡುಗೆಮನೆಯಿಂದ, ಯಾವ ಬೆಕ್ಕಿನ ಬಾಲ ತುಳೀತಿದ್ದೀಯೇ, ನಾನು ಅದನ್ನು ಪ್ರತಿಭೆ ಎಂದುಕೊಂಡಿದ್ದೆ, ಅವನ ಹಲ್ಲುನೋವನ್ನು ಊರೂರಿಗೆ ಹೊತ್ತು ತಿರುಗಿದೆನೇ, ಇವತ್ತೂ ಅದನ್ನೇ ನುಡಿಸಿದರೆ ನಾನು ನಕಲು, ಅಸಲು ಬಾಗಿಲಲ್ಲೇ ನಿಂತಿದೆ, ಆದರೆ ಜನಕ್ಕೆ ಆ ಕೀರಲೇ ಬೇಕು, ಅದು ಬಂದ ಕ್ಷಣ ಇಡೀ ಸಭಾಂಗಣ ಹಿಮ್ಮಡಿ ಕುಟ್ಟುತ್ತದೆ — ಮತ್ತೆ ನನ್ನದೂ ಒಂದಿದೆಯಲ್ಲ, ವಸತಿಗೃಹಗಳ ಬಚ್ಚಲಲ್ಲಿ ವಾದ್ಯದ ಬಾಯಿಗೆ ಟವೆಲು ತುರುಕಿ ನುಡಿಸಿಕೊಂಡದ್ದು, ತಗ್ಗಿನ ಸ್ವರ, ಉದ್ದನೆಯದು, ಯಾರೂ ಕೇಳಿಲ್ಲ.

ಎದ್ದು ನಿಲ್ಲು, ಇನ್ನು ನಾನೊಬ್ಬಳೇ ನುಡಿಸಬೇಕು. ಎದ್ದಿದ್ದೇನೆ. ಒಂದನೇ ಆವರ್ತ, ಎರಡು, ಟೀಗ್ ನನ್ನನ್ನು ನೋಡುತ್ತಿಲ್ಲ, ಕುಣಿಯುವವರ ಕಾಲುಗಳನ್ನು ನೋಡುತ್ತಿದ್ದಾರೆ, ಮೂರು, ನಾಲ್ಕು, ಇದೇ ಐದನೆಯದು, ಉಂಗುರದ ಬೆರಳು ತಾನಾಗಿಯೇ ಜಾರಲು ಹೊರಟಿದೆ, ಒತ್ತಿ ಹಿಡಿ, ಬಿಡಬೇಡ, ಹೋಯಿತು, ನನ್ನ ಆ ತಗ್ಗಿನ ಸ್ವರ ಹೋಯಿತು ಹೊರಗೆ, ಮುಂದಿನ ಸಾಲಲ್ಲಿ ಸಾಸಿವೆ ಬಣ್ಣದ ಲಂಗದ ಹುಡುಗಿ ಕುಟ್ಟಲೆಂದು ಹಿಮ್ಮಡಿ ಎತ್ತಿದ್ದಾಳೆ, ಕೀರಲು ಬರಲಿಲ್ಲ, ಹಿಮ್ಮಡಿ ಗಾಳಿಯಲ್ಲಿ, ಜೊತೆಗಾರನ ತೋಳು ಹಿಡಿದು ನನ್ನತ್ತ ಮುಖವೆತ್ತಿದ್ದಾಳೆ, ಉಸಿರು ಇನ್ನೂ ಇದೆ, ಎಳೆ, ಇನ್ನೂ ಎಳೆ, ಕೆಂಪು ಚಪ್ಪಲಿ, ಸವೆದ ಅಂಚು, ಎತ್ತಿದ ಹಿಮ್ಮಡಿ, ಇಳಿಸುತ್ತಿಲ್ಲ, ಎತ್ತಿದ ಹಿಮ್ಮಡಿ —