ಹಾಯಿಗೆ ಬೆನ್ನು ಕೊಟ್ಟು

ಗಾಳಿ ಕತ್ತಿನ ಎಡಕ್ಕೆ ತಾಗಿತು, ಇಲ್ಲ, ನಿಂತೇಹೋಯಿತು, ಮತ್ತೆ ತಾಗಿತು, ಹಾಯಿಹಲಗೆ ಮೇಲೆ ನಿಲ್ಲೋದು ಇಂಥ ಎಳೆಗಾಳಿಯಲ್ಲೇ ಕಲೀಬೇಕು ಕಣೇ, ಜೋರುಗಾಳಿ ಎಲ್ಲ ತಪ್ಪನ್ನೂ ಮುಚ್ಚಿಹಾಕತ್ತೆ ಅಂತಿದ್ದ ಅಣ್ಣ, ಮೊಣಕಾಲು ಸಡಿಲ ಬಿಡು, ಹಲಗೆ ನೋಡಬೇಡ, ದಡ ನೋಡು — ನೋಡುತ್ತಿದ್ದೇನೆ, ಕೆರೆ ದಡದಲ್ಲಿ ಅತ್ತಿಗೆ, ಅವನು ಹೋಗಿ ವರ್ಷವಾದ ಮೇಲೆ ಇವತ್ತೇ ಮೊದಲ ಸಲ ಬಂದಿದ್ದಾಳೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಚೀಲ ಅಪ್ಪಿಕೊಂಡು, ಬಸ್ಸಿಗೆ ಕಾಯುವವಳ ಹಾಗೆ. ಅವಳಿಗೆ ಈಜು ಬಾರದು, ನೀರೆಂದರೆ ಮಾರು ದೂರ. ಈಗ ಬಲಗಾಲು ಹಾಯಿಕಂಬದ ಮುಂದಕ್ಕೆ, ಮೆಲ್ಲಗೆ, ತಿರುಗು, ಹಾಯಿಗೆ ಬೆನ್ನು ಕೊಡು, ಹಾಂ, ಹಳದಿ ಹಾಯಿ ಬೆನ್ನಿಗೆ ಆನಿಕೊಂಡಿತು, ಯಾರೋ ಅಂಗೈ ಇಟ್ಟ ಹಾಗೆ. ಅಣ್ಣ ಹೀಗೆ ನಿಂತು ಎರಡೂ ಕೈ ಬಿಟ್ಟು ತಲೆ ಬಾಚಿಕೊಳ್ಳುತ್ತಿದ್ದ, ವಾರವೆಲ್ಲ ಲಿಫ್ಟ್ ರಿಪೇರಿ ಅಂತ ಕತ್ತಲ ಗುಂಡಿಯಲ್ಲಿ ನೇತಾಡಿ ರಜಾದಿನ ಇಲ್ಲಿ ಮಂಗನಾಟ, ಐವತ್ತೆರಡಾಯ್ತು ಮೈಮೇಲೆ ಜ್ಞಾನ ಬೇಡವಾ ಅಂತ ಅತ್ತಿಗೆ ಬಯ್ಯೋಳು.

ಅವತ್ತೂ ಇಷ್ಟೇ ಗಾಳಿ, ನಾನು ದಡದಲ್ಲಿ ಕಿತ್ತಳೆ ಸುಲಿಯುತ್ತಿದ್ದೆ, ಅವನು ಕೂದಲು ನೀರಿಗೆ ತಾಗುವ ತನಕ ಹಿಂದಕ್ಕೆ ಬಾಗಿದ, ಎದ್ದ, ಮತ್ತೆ ಬಾಗಿದ, ಹಾಯಿ ಅವನ ಮೇಲೆ ಮಗುಚಿಕೊಂಡಿತು, ನಾನು ನಕ್ಕೆ. ನಕ್ಕೆ. ಹಾಯಿಯ ಕೆಳಗೆ ಅಡಗಿ ನನ್ನ ಹೆದರಿಸೋದು ಅವನ ಹಳೇ ಚಾಳಿ, ಈ ಸಲ ಮೋಸಹೋಗಲ್ಲ ಅಂದುಕೊಂಡು ಒಂದೊಂದೇ ತೊಳೆ ತಿಂದೆ, ಬಿಳಿ ನಾರು ಸಹ ಬಿಡಿಸಿದೆ, ನೀರಿನ ಮೇಲೆ ಹಳದಿ ಬಟ್ಟೆ, ಅಲುಗಾಟವಿಲ್ಲ. ಹೃದಯ ನಿಂತಿದ್ದು, ಬೇಗ ಎತ್ತಿದ್ದರೆ ಉಳೀತಿದ್ದರೇನೋ, ಹೇಳಕ್ಕಾಗಲ್ಲ ಅಂದರು ಡಾಕ್ಟರು, ನೀನು ನೋಡಲಿಲ್ವೇನೇ ಅಂದಳು ಅತ್ತಿಗೆ, ಇಲ್ಲ ಅತ್ತಿಗೆ, ಹಲಗೆ ಇಡೋ ಶೆಡ್ಡಿನ ಒಳಗಿದ್ದೆ ಅಂದೆ — ನಾನು, ಕನ್ನಡಕದಂಗಡಿಯಲ್ಲಿ ಕೂತು ದಿನವೆಲ್ಲ ಜನರನ್ನು ಕೇಳೋಳು, ಈ ಗಾಜಲ್ಲಿ ಚೆನ್ನಾಗಿ ಕಾಣತ್ತಾ, ಆ ಗಾಜಲ್ಲಾ.

ಗಾಳಿ ಸತ್ತಿತು, ಬೆನ್ನ ಹಿಂದಿನ ಅಂಗೈ ಇಲ್ಲ, ಹಿಮ್ಮಡಿ ಜಾರಿತು, ಆಕಾಶ, ನೀರು, ಹಾಯಿ ನನ್ನ ಮೇಲೆ. ಕೆಳಗೆಲ್ಲ ಹಳದಿ ಬೆಳಕು, ಮೂಗಿನ ಮೇಲೆ ಗೇಣುದ್ದ ಗಾಳಿ, ಏಳಬಹುದು, ಏಳುವುದಿಲ್ಲ, ಅವನು ಕೊನೆಗೆ ನೋಡಿದ್ದು ಇದೇ ಬಣ್ಣವಾ, ನನ್ನ ನಗು ಇಲ್ಲಿ ತನಕ ಕೇಳಿತ್ತಾ, ಇನ್ನೊಂದು ಚೂರು ಹೊತ್ತು, ಕಿತ್ತಳೆ ಮುಗಿಯುವಷ್ಟು — ದಬದಬ ನೀರು ಬಡಿಯುವ ಸದ್ದು, ಏದುಸಿರು, ಹಾಯಿಯ ಅಂಚು ಎದ್ದಿತು. ಅತ್ತಿಗೆ. ಗದ್ದದ ತನಕ ನೀರು, ಸೆರಗು ತೇಲುತ್ತಿದೆ, ಹೆಗಲಲ್ಲಿ ಕೈಚೀಲ ಹಾಗೇ ಇದೆ. ಬದುಕಿದ್ದೀಯೇನೇ, ಎದೆ ಒಡೆದುಹೋಯ್ತಲ್ಲೇ. ಸುಮ್ನೆ ಅತ್ತಿಗೆ, ಆಟ. ಆಟವೋ ಗೀಟವೋ, ಬಿದ್ದೋರನ್ನ ನೋಡ್ತಾ ಕೂತ್ಕೊಳ್ಳೋಕಾಗತ್ತಾ. ಆಗುತ್ತೆ, ಆಗುತ್ತೆ ಅತ್ತಿಗೆ, ಅವತ್ತು ನಾನು ಶೆಡ್ಡಲ್ಲಿರಲಿಲ್ಲ, ನೋಡಿದ್ದೆ, ನೋಡ್ತಾನೇ ಕೂತಿದ್ದೆ, ಹೇಳಿಬಿಟ್ಟೆನಾ, ಹೇಳಿದೆ, ನನ್ನ ಕಿವಿಗೇ ಕೇಳಿತು.  ಹಾಯಿಯ ಅಂಚು ಹಿಡಿದ ಅವಳ ಬೆರಳು, ಮೇಲಕ್ಕೂ ಎತ್ತುತ್ತಿಲ್ಲ, ಕೆಳಕ್ಕೂ ಬಿಡುತ್ತಿಲ್ಲ, ಬೆರಳಿಂದ ನೀರು ತೊಟ್ಟಿಕ್ಕುತ್ತಿದೆ, ಹಳದಿ ಅಂಚು, ಬೆಳ್ಳಗಾದ ಬೆರಳು, ಬೆರಳು…