ಮೈಕಿನ ನಾಮಿಯೆ

ಶವದ ಗಾಡಿ ಹೊರಡಲು ಹತ್ತು ನಿಮಿಷವಿರುವಾಗ ಇಗರಾಶಿ ಒಂದು ಚೀಟಿಯನ್ನು ನಾಮಿಯೆಯ ಕೈಗೆ ತುರುಕಿದ. ಅವನು ಪಕ್ಷದ ಸ್ಥಳೀಯ ಮುಖಂಡ. ಸಾವಿನ ಮನೆಯಲ್ಲೂ ಗಡಿಯಾರ ನೋಡುತ್ತಲೇ ಇದ್ದ.

"ಮೈಕಲ್ಲಿ ಇಷ್ಟು ಓದಿಬಿಡಕ್ಕ. 'ಕುವಾಬಾರ ಸಾಹೇಬರ ಕೆಲಸವನ್ನು ಅಳಿಯ ಶುನ್ಸುಕೆ ಮುಂದುವರಿಸುತ್ತಾರೆ.' ಒಂದೇ ಸಾಲು."

"ಹೆಣದ ಹಿಂದೆ ಹೋಗ್ತಾ ಓಟು ಕೇಳ್ಬೇಕಾ?"

"ಓಟು ಅಂತ ಎಲ್ಲಿ ಬರೆದಿದೀನಿ? ಅಕ್ಟೋಬರ್‌ನಲ್ಲಿ ಉಪಚುನಾವಣೆ. ನಾನು ನೂರು ಸಲ ಬಡ್ಕೊಂಡ್ರೂ ಕಣಿವೆ ಜನ ಕೇಳಲ್ಲ. ನೀನು ಒಂದ್ಸಲ ಅಂದ್ರೆ ಸಾಕು."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೂವತ್ತೆಂಟು ವರ್ಷ ಪ್ರಚಾರದ ವ್ಯಾನಿನಲ್ಲಿ ಕೂತು ಕುವಾಬಾರರ ಹೆಸರು ಕೂಗಿದವಳು ನಾಮಿಯೆ. ಸಾಹೇಬರಿಗೋ, ಮೈಕು ಕಂಡರೆ ಬೆವರು. ಟೋಕಿಯೋಗೆ ಹೋಗಿ ಕೃಷಿ ಮಂತ್ರಿಯಾದ ಮೇಲೂ ಆ ಬೆವರು ಬಿಡಲಿಲ್ಲ. ಅವರನ್ನು ಗೆಲ್ಲಿಸಿದ್ದು ಅರ್ಧ ಅವಳ ಗಂಟಲು ಎಂದು ಕಣಿವೆಯಲ್ಲಿ ಎಲ್ಲರೂ ಹೇಳುತ್ತಿದ್ದರು.

ನಾಮಿಯೆ ಚೀಟಿ ಹಿಡಿದು ಸಾಹೇಬರ ಹೆಂಡತಿ ಫುಸಾಕೊ ಬಳಿ ಹೋದಳು. "ಅಮ್ಮ, ಏನ್ ಮಾಡ್ಲಿ?"

ಫುಸಾಕೊ ಗಂಡನ ಫೋಟೋವನ್ನು ಎದೆಗವಚಿಕೊಂಡು ನಿಂತಿದ್ದರು. "ಶುನ್ಸುಕೆ ಒಳ್ಳೆ ಹುಡುಗ. ನಿಲ್ಲಲಿ, ಗೆಲ್ಲಲಿ. ಆದ್ರೆ ಮೈಕು ನಿನ್ನ ಕೈಲಿದೆ ನಾಮಿಯೆ. ನಾನೇನೂ ಹೇಳಲ್ಲ."

*

ಸಾಹೇಬರು ಮಂತ್ರಿಯಾಗಿದ್ದುದು ಬರೀ ಹತ್ತು ತಿಂಗಳು. ಅಷ್ಟರಲ್ಲೇ ದನಗಳಿಗೆ ಕಾಲುಬಾಯಿ ರೋಗ ಬಂತು, ಅದೂ ಅವರದೇ ಕಣಿವೆಗೆ. ರೋಗ ಹರಡದಂತೆ ಆರೋಗ್ಯವಾಗಿರುವ ದನಗಳನ್ನೂ ಕೊಲ್ಲಬೇಕೆಂಬ ಆದೇಶಕ್ಕೆ ಸಹಿ ಹಾಕಿದವರು ಅವರೇ. ಸಹಿ ಹಾಕಿ ಟೋಕಿಯೋದಲ್ಲೇ ಕೂರಬಹುದಿತ್ತು. ಊರಿಗೆ ಬಂದು, ಬಿಳಿ ಕವಚ ತೊಟ್ಟು, ಒಂದೊಂದೇ ಕೊಟ್ಟಿಗೆಗೆ ಹೋದರು. ದಾರಿ ತೋರಿಸಲು ಜೊತೆಗೆ ನಾಮಿಯೆ ಇದ್ದಳು.

"ಇದರ ಹೆಸರೇನು?" ಎಂದು ಪ್ರತಿ ಹಸುವಿನ ಮುಂದೆಯೂ ನಿಂತು ಕೇಳುತ್ತಿದ್ದರು.

"ಸಾಯೋ ಹಸು ಹೆಸರು ಕಟ್ಕೊಂಡು ನಿಮಗೇನಾಗ್ಬೇಕು?" ಎಂದ ಒಬ್ಬ ರೈತ.

"ಕೊಲ್ಲಿ ಅಂದವನು ನಾನು. ಹೆಸರಾದ್ರೂ ಗೊತ್ತಿರಲಿ."

ರೈತ ಮುಖ ತಿರುಗಿಸಿಕೊಂಡೇ ಹೆಸರು ಹೇಳಿದ. ಸಾಹೇಬರು ಹಸುವಿಗೂ ಅವನಿಗೂ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಮುಂದಿನ ಚುನಾವಣೆಯಲ್ಲಿ ಕಣಿವೆ ಅವರನ್ನು ಸೋಲಿಸಿತು. ನಾಲ್ಕು ವರ್ಷ ಬಿಟ್ಟು ಅದೇ ಕಣಿವೆ ಗೆಲ್ಲಿಸಿತು. ಎರಡಕ್ಕೂ ಅವರು ಯಾರನ್ನೂ ಯಾಕೆಂದು ಕೇಳಲಿಲ್ಲ.

*

ಶವದ ಗಾಡಿ ಉದ್ದಕ್ಕೆ ಹಾರನ್ ಹಾಕಿ ಹೊರಟಿತು. ಹಿಂದೆಯೇ ಹಳೆಯ ಪ್ರಚಾರದ ವ್ಯಾನು. ಮುಂದಿನ ಸೀಟಿನಲ್ಲಿ ನಾಮಿಯೆ, ಹಿಂದೆ ಇಗರಾಶಿ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಸೇತುವೆ ದಾಟಿದ್ದೇ ತಡ, ಅವಳ ಹೆಬ್ಬೆರಳು ತಾನಾಗಿ ಮೈಕಿನ ಗುಂಡಿ ಒತ್ತಿತು.

"ಕುವಾಬಾರ, ಕುವಾಬಾರ ತೇಯ್ಜಿ ಬಂದಿದ್ದಾರೆ! ನಿಮ್ಮ ಅಮೂಲ್ಯವಾದ ಮತ..."

ಅಯ್ಯೋ ಎಂದು ನಾಲಿಗೆ ಕಚ್ಚಿಕೊಂಡಳು. ಗದ್ದೆಯಲ್ಲಿದ್ದವರೂ ಅದೇ ಅಭ್ಯಾಸಕ್ಕೆ ಕೈ ಬೀಸಿದರು. ಆಮೇಲೆ ಕಪ್ಪು ಗಾಡಿ ಕಂಡು ಕೈ ಇಳಿಸಿದರು. ಯಾರೋ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

"ಈಗ ಓದು. ಎಲ್ಲರೂ ಕೇಳಿಸ್ಕೊಳ್ತಿದಾರೆ," ಎಂದ ಇಗರಾಶಿ.

ನಾಮಿಯೆ ಚೀಟಿ ನೋಡಿದಳು. ಸಾಹೇಬರು ಇಷ್ಟು ವರ್ಷ ಓಟು ಕೇಳಿದ್ದು ಸಾಲದೇ? ಕೊನೆಯ ದಾರಿಯಲ್ಲೂ ಕೈ ಚಾಚಿಸಬೇಕೇ? ಚೀಟಿಯನ್ನು ಮಡಿಲಲ್ಲಿ ಮಗುಚಿಟ್ಟಳು.

"ಕ್ಷಮಿಸಿ," ಎಂದಳು ಮೈಕಿನಲ್ಲಿ. "ಬಾಯಿಗೆ ಅಭ್ಯಾಸ ಆಗ್ಬಿಟ್ಟಿದೆ. ಸಾಹೇಬರು ಹೊರಟಿದ್ದಾರೆ. ಇವತ್ತು ಏನೂ ಕೇಳೋಕೆ ಬಂದಿಲ್ಲ."

ಇಗರಾಶಿ ತಲೆ ಚಚ್ಚಿಕೊಂಡ. ಆದರೆ ಯಾವಾಗಲೂ ಇದ್ದಲ್ಲಿಂದಲೇ ಕೈ ಬೀಸುತ್ತಿದ್ದ ಜನ ಕೆಸರು ತುಳಿದುಕೊಂಡು ರಸ್ತೆಗೆ ಹತ್ತಿಬಂದರು. ಗಾಡಿಗಳು ನಿಂತವು. ಒಬ್ಬ ಮುದುಕಿ ಶವದ ಗಾಡಿಗೆ ತಲೆಬಾಗಿ, ನೇರ ವ್ಯಾನಿನ ಕಿಟಕಿಗೆ ಬಂದಳು.

"ನೀನೇನಾ ಆ ದನಿ? ಇಷ್ಟು ಸಣ್ಣಗಿದೀಯಾ?" ಕೆಸರು ಮೆತ್ತಿದ ಎರಡೂ ಕೈಗಳಿಂದ ನಾಮಿಯೆಯ ಕೈ ಹಿಡಿದುಕೊಂಡಳು. "ಒಂದು ಜನ್ಮ ಕೂಗಿದೀಯಲ್ಲೇ ತಾಯಿ. ಗಂಟಲು ನೋಯಲ್ವಾ?"

ಅಷ್ಟು ವರ್ಷಗಳಲ್ಲಿ ಜನ ಕುಲುಕಿದ್ದು ಸಾಹೇಬರ ಕೈಯನ್ನು ಮಾತ್ರ. ಇನ್ನೊಂದು ಕೈಯ ಹೆಬ್ಬೆರಳು ಮೈಕಿನ ಗುಂಡಿಯ ಮೇಲೇ ಇದ್ದುದು ಅವಳಿಗೆ ಮರೆತೇಹೋಗಿತ್ತು. ಅವಳು ಬಿಕ್ಕಿ ಬಿಕ್ಕಿ ಅತ್ತದ್ದು ಗದ್ದೆಗಳನ್ನು ದಾಟಿ ಬೆಟ್ಟದ ಬುಡದವರೆಗೂ ಕೇಳಿಸಿತು. ಅಲ್ಲಿ ದೂರದಲ್ಲಿ ಬಗ್ಗಿ ಸಸಿ ನೆಡುತ್ತಿದ್ದವರು ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ಎದ್ದು ನಿಂತರು.