ಪೌಂಡ್ ಗುರುತಿನ ಸೋಬಾನೆ

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ವಾಸನೆ ಬಂದರೆ ನನಗೆ ಬಳೇಪೇಟೆಯ ನಮ್ಮ ಅಚ್ಚುಕೂಟ ನೆನಪಾಗುತ್ತದೆ. ಅಪ್ಪ ಸಂಜೆ ಅದರಿಂದಲೇ ಅಚ್ಚಿನ ಮೊಳೆಗಳನ್ನು ಒರೆಸುತ್ತಿದ್ದರು. ಕರಡಿನಲ್ಲಿ ಅಕ್ಷರ ಕೆಟ್ಟು ಬಂದರೆ ಮೊದಲು ಮೊಳೆಯನ್ನು ನೋಡುತ್ತಿದ್ದರು, ಆಮೇಲೆ ಜೋಡಿಸಿದವನನ್ನು. ನಮ್ಮ ಹಾಡಿನ ಸಂಘದ ಅಧ್ಯಕ್ಷ ಚಕ್ರಪಾಣಿಯವರಿಗೆ ಆ ಅಭ್ಯಾಸವಿಲ್ಲ.

ಎನ್.ಆರ್. ಕಾಲೋನಿಯ ನಮ್ಮ ಸಂಘಕ್ಕೆ ವೆಬ್‌ಸೈಟ್ ಬೇಕೆಂದು ತೀರ್ಮಾನವಾಗಿತ್ತು. ಹಾಡುಗಳನ್ನು ಹಾಕಲು, ತಿದ್ದಲು, ಹುಡುಕಲು ಯಾವ ತಂತ್ರಾಂಶ, ಅಂದರೆ ಯಾವ ಸಿಎಂಎಸ್ ಆರಿಸಬೇಕು ಎಂಬುದಷ್ಟೇ ಉಳಿದಿತ್ತು. ಒಂದು, ಚಕ್ರಪಾಣಿಯವರ ಪರಿಚಯದ ಕಂಪನಿಯದು. ಇನ್ನೊಂದು ಎಲ್ಲರಿಗೂ ಪುಕ್ಕಟೆ ಸಿಗುವಂಥದ್ದು. ನಮ್ಮ ಸದಸ್ಯೆ ಇಂಚರಾ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಬಂದಿದ್ದಳು. ಪರೀಕ್ಷೆಗೆಂದು ಎರಡಕ್ಕೂ ಚಿಕ್ಕಮುನಿಯಮ್ಮ ಟೈಪ್ ಮಾಡಿದ ಹಾಡುಗಳನ್ನೇ ಕೊಟ್ಟಿದ್ದೆ.

ಚಿಕ್ಕಮುನಿಯಮ್ಮ ಓಕಳಿಪುರಂನವರು. ಐವತ್ತರ ಮೇಲೆ ಸಂಘದಲ್ಲೇ ಟೈಪಿಂಗ್ ಕಲಿತು, ಹನ್ನೆರಡು ವರ್ಷದಲ್ಲಿ ಆರುನೂರು ಹಾಡು ಕಂಪ್ಯೂಟರಿಗೆ ಇಳಿಸಿದವರು. ಅರ್ಧಕ್ಕರ್ಧ ಅವರ ಅವ್ವನ ಬಾಯಿಂದ ಬಂದವು, ಬೇರೆಲ್ಲೂ ಇಲ್ಲ.

ಸಭೆಯ ದಿನ ಕಂಪನಿಯ ಪುಟ ಗೋಡೆಯ ಮೇಲೆ ಬೆಳಗಿತು. ಕಮಲದ ಅಂಚು, ತಂಬೂರಿಯ ಚಿತ್ರ. ಸೋಬಾನೆ ಇರಬೇಕಾದ ಕಡೆ ಮಾತ್ರ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು, ಪೌಂಡ್ ಗುರುತು, ಮತ್ತೆ ಪೌಂಡ್ ಗುರುತು.

"ಏನ್ರೀ ಇದು ಚಿಕ್ಕಮುನಿಯಮ್ಮ?" ಚಕ್ರಪಾಣಿ ನಕ್ಕರು. "ಹನ್ನೆರಡು ವರ್ಷ ಹಿಂಗೇ ಕುಟ್ಟಿದೀರಾ? ಲಂಡನ್ನಲ್ಲಿ ಹಾಡ್ಬೇಕಾ ಇದನ್ನ?"

ಸಭೆಯಲ್ಲಿದ್ದ ಇನ್ನಿಬ್ಬರು ಸದಸ್ಯರೂ ನಕ್ಕರು. ಚಿಕ್ಕಮುನಿಯಮ್ಮ ಎದ್ದು ನಿಂತರು. "ನನ್ ಕಣ್ಗೆ ಕನ್ನಡಾನೇ ಕಾಣ್ತಿತ್ತು ಸಾರ್..."

ಇಂಚರಾ ತನ್ನ ನೀರಿನ ಬಾಟಲಿಯನ್ನು ಸದ್ದಿಲ್ಲದೆ ಅವರ ಕಡೆ ಸರಿಸಿದಳು. ಅವರು ಮುಟ್ಟಲಿಲ್ಲ.

"ಹೋಗ್ಲಿ ಬಿಡಿ, ಪ್ರಿಂಟ್ ತೆಗೆದು ಫೋಟೋ ಹಾಕಿಸ್ತೀನಿ," ಅಂದರು ಚಕ್ರಪಾಣಿ. "ನೋಡೋಕೆ ಚೆನ್ನಾಗಿರತ್ತೆ."

ಫೋಟೋದೊಳಗೆ ಸೇರಿದ ಹಾಡನ್ನು ಆ ಪುಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅದು ಗೊತ್ತಿದ್ದವರೂ ತಲೆಯಾಡಿಸಿದರು. ಚಿಕ್ಕಮುನಿಯಮ್ಮ ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ನಾನು ಚಕ್ರಪಾಣಿಯವರ ಕಡೆ ತಿರುಗಿದೆ. "ಚಕ್ರಪಾಣಿಯವರೇ, ಅವರು ಟೈಪ್ ಮಾಡಿದ್ದು ಹಳೇ ಫಾಂಟಲ್ಲಿ. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಮಾತ್ರ ಅದು ಕನ್ನಡವಾಗಿ ಕಾಣತ್ತೆ. ಅದನ್ನ ಕೊಟ್ಟಿದ್ದು ಸಂಘ, ಅಂದ್ರೆ ನೀವು, ನಾನು. ಎಲ್ಲ ಕಂಪ್ಯೂಟರಲ್ಲೂ ಕಾಣೋ ಯೂನಿಕೋಡಿಗೆ ಬದಲಾಯಿಸದೆ ಹಾಗೇ ಸುರಿದಿದ್ದು ನಿಮ್ಮ ಕಂಪನಿ. ತಪ್ಪು ಯಾರದು?"

"ಗೋದಾ ಮೇಡಂ, ಬಿಪಿ ಏರಿಸ್ಕೋಬೇಡಿ. ತಮಾಷೆಗೆ ಅಂದೆ."

"ಏರಲಿ ರೀ! ಇಂಚರಾ, ನಿಂದು ತೋರಿಸಮ್ಮ."

ಇಂಚರಾ ಹಾಡುಗಳನ್ನು ಮೊದಲೇ ಯೂನಿಕೋಡಿಗೆ ಬದಲಾಯಿಸಿದ್ದಳು. ಅವಳ ಪುಟಕ್ಕೆ ಕಮಲವಿಲ್ಲ, ತಂಬೂರಿಯಿಲ್ಲ. ಹುಡುಕುವ ಜಾಗದಲ್ಲಿ 'ಹಸೆ' ಎಂದು ಬರೆದಳು. ಮೂವತ್ತೊಂದು ಹಾಡು ಸಾಲಾಗಿ ಬಂದು ನಿಂತವು, ಪ್ರತಿಯೊಂದರ ಕೆಳಗೂ ಚಿಕ್ಕಮುನಿಯಮ್ಮನ ಹೆಸರು. ಮತಕ್ಕೆ ಹಾಕಿದಾಗ, ನಕ್ಕಿದ್ದ ಆ ಇಬ್ಬರೇ ಮೊದಲು ಕೈ ಎತ್ತಿದರು. ಅದಕ್ಕೂ ನನಗೆ ಸಿಟ್ಟೇ ಬಂತು. ಚಕ್ರಪಾಣಿ 'ಬಹುಮತದಿಂದ ಇಂಚರಾ ತೋರಿಸಿದ್ದು' ಎಂದು ನಡಾವಳಿಯಲ್ಲಿ ಬರೆದು ಪೆನ್ನಿನ ಮುಚ್ಚಳ ಹಾಕಿದರು. ತಪ್ಪಾಯಿತು ಅನ್ನಲಿಲ್ಲ.

ಇಂಚರಾ ಪುಟವನ್ನು ಅಲ್ಲೇ ಇಂಟರ್ನೆಟ್ಟಿಗೆ ಏರಿಸಿ, ಚಿಕ್ಕಮುನಿಯಮ್ಮನ ಹೆಸರಲ್ಲಿ ನನ್ನ ಫೋನಿನಲ್ಲಿ ತೆರೆದುಕೊಟ್ಟಳು. ಆಟೋ ಹಿಡಿದು ನೇರ ಓಕಳಿಪುರಂಗೆ ಹೋದೆ. ಚಿಕ್ಕಮುನಿಯಮ್ಮ ಬಾಗಿಲು ತೆರೆದರು, ಒಳಗೆ ಕರೆಯಲಿಲ್ಲ.

"ನಾನಿನ್ ಬರಲ್ಲ ಮೇಡಂ."

"ಬರಬೇಡಿ. ಇದನ್ನ ನೋಡಿ."

ಫೋನ್ ಕೊಟ್ಟೆ. ಹೊಸಿಲಲ್ಲೇ ನಿಂತು ಓದಿದರು. ತುಟಿ ಅಲ್ಲಾಡುತ್ತಿತ್ತು. ಮನೆಯ ಹಿಂದಿನ ಹಳಿಯಲ್ಲಿ ಒಂದು ರೈಲು ಬಂತು, ಹೋಯಿತು.

"ಇಲ್ಲಿ 'ಅತ್ತಿಗೆ'ಗೆ ಒತ್ತು ಬಿಟ್ಟೋಗೈತೆ," ಅಂದರು ಕೊನೆಗೆ. "ಇದ್ ಮಾತ್ರ ನಂದೇ ತಪ್ಪು."

"ನೀವೇ ತಿದ್ದಿ. ನಿಮ್ಮ ಹೆಸರಲ್ಲೇ ಲಾಗಿನ್ ಇದೆ."

"ಆವಯ್ಯನ್ನ ಕೇಳ್ಬೇಕಾ?"

"ಯಾರನ್ನೂ ಕೇಳ್ಬೇಕಿಲ್ಲ."

"ತಪ್ಪಾಯ್ತು ಅಂದ್ನಾ?"

"ಇಲ್ಲ."

"ಅನ್ನಲ್ಲ ಬಿಡಿ." ಅವರ ಸಿಟ್ಟು ಹಾಗೇ ಇತ್ತು, ನನ್ನದೂ. ತೋರುಬೆರಳಿನಿಂದ ಒತ್ತಕ್ಷರ ಸೇರಿಸಿ, ಸರಿಯಾಯಿತೇ ಎಂದು ಎರಡು ಸಲ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು. ಒಳಗೆ ಹೋಗಿ, ತಟ್ಟೆಗೆ ಮುದ್ದೆ ಇಟ್ಟು ಉಪ್ಸಾರು ಬಿಟ್ಟು ತಂದು, ನನ್ನ ಕೈಗೆ ಕೊಟ್ಟರು.